ಮೈಕ್ರೋಬಯಾಲಜಿ ಪರೀಕ್ಷೆಗೆ ಮೂರು ವಾರ ಉಳಿದಿದೆ, ಪ್ಯಾರಾಸೈಟಾಲಜಿ (ಪರಾವಲಂಬಿಗಳ ಭಾಗ) ಬಿಟ್ಟು ಓದಿದರೆ ನಡೆಯುತ್ತದೆಯೇ?

ನಡೆಯುವುದಿಲ್ಲ. ರಾಯಚೂರಿನಲ್ಲಿ ಎಂಬಿಬಿಎಸ್ ಎರಡನೇ ವರ್ಷ ಓದುವಾಗ ನಾನೂ ನಿಮ್ಮ ಹಾಗೇ ಲೆಕ್ಕ ಹಾಕುತ್ತಿದ್ದೆ: ಬ್ಯಾಕ್ಟೀರಿಯಾ, ವೈರಸ್ ಗಟ್ಟಿ ಮಾಡಿಕೊಂಡುಬಿಡೋಣ, ಹುಳುಗಳ ಲೈಫ್ ಸೈಕಲ್ ಕೊನೆಗೆ ಸಮಯ ಸಿಕ್ಕರೆ ನೋಡೋಣ. ಆದರೆ 2019ರಲ್ಲಿ ಬಂದ ಹೊಸ ಪಠ್ಯಕ್ರಮದಲ್ಲಿ ಬಿಡುವುದಕ್ಕೆ ಪ್ಯಾರಾಸೈಟಾಲಜಿ ಅನ್ನೋ ಬೇರೆ ಭಾಗವೇ ಇಲ್ಲ. ವಿಷಯ ಈಗ ಅಂಗವ್ಯೂಹದ ಪ್ರಕಾರ ಹಂಚಿದೆ. ರಕ್ತದ ಸೋಂಕು ಎಂದರೆ ಟೈಫಾಯ್ಡ್ ಪಕ್ಕದಲ್ಲೇ ಮಲೇರಿಯಾ, ಭೇದಿ ಎಂದರೆ ಕಾಲರಾ ಪಕ್ಕದಲ್ಲೇ ಅಮೀಬಾ. ಫಿಟ್ಸ್ ಬಂದ ರೋಗಿಯ ಕೇಸ್ ಕೊಟ್ಟರೆ ನ್ಯೂರೋಸಿಸ್ಟಿಸರ್ಕೋಸಿಸ್ (ಮಿದುಳಿನಲ್ಲಿ ಲಾಡಿಹುಳದ ಲಾರ್ವಾ) ಗೊತ್ತಿಲ್ಲದೆ ಬರೀ ಮೆನಿಂಜೈಟಿಸ್ (ಮಿದುಳಿನ ಪೊರೆಯ ಉರಿಯೂತ) ಬರೆದು ಬರಲಾಗದು. ನೀವು ಬಿಡಬೇಕು ಅಂದುಕೊಂಡಿರುವುದು ಎಲ್ಲ ಪ್ರಶ್ನೆಗಳ ಒಳಗೂ ಹರಡಿಕೊಂಡಿದೆ.

ಜೊತೆಗೆ, ಪ್ಯಾರಾಸೈಟಾಲಜಿ ಕಷ್ಟ ಅನ್ನಿಸಲು ಒಂದೇ ತಪ್ಪು ಕಾರಣ. ಅದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಏಕೆಂದರೆ ಅಂಕ ಹೋಗುವುದು ಅಲ್ಲೇ. ಎಲ್ಲರೂ ಲೈಫ್ ಸೈಕಲ್ಲಿನ ಚಿತ್ರವನ್ನು ಬಾಣದ ಗುರುತುಗಳ ಸಮೇತ ಬಾಯಿಪಾಠ ಮಾಡುತ್ತಾರೆ. ಆ ಚಕ್ರದಲ್ಲಿ ಮನುಷ್ಯನ ದೇಹಕ್ಕೆ ಹೊಕ್ಕುವ ಹಂತ ಯಾವುದು, ಲ್ಯಾಬಿನಲ್ಲಿ ನಮ್ಮ ಕಣ್ಣಿಗೆ ಬೀಳುವ ಹಂತ ಯಾವುದು ಎಂಬುದನ್ನು ಬೇರ್ಪಡಿಸಿ ನೋಡುವುದಿಲ್ಲ. ಪರೀಕ್ಷೆಯಲ್ಲಿ ಕೇಳುವುದು ಅದನ್ನೇ.

ಟೀನಿಯಾ ಸೋಲಿಯಂ ತೆಗೆದುಕೊಳ್ಳಿ. ಸರಿಯಾಗಿ ಬೇಯದ ಹಂದಿಮಾಂಸದ ಜೊತೆ ಸಿಸ್ಟಿಸರ್ಕಸ್ ಲಾರ್ವಾ ಹೊಟ್ಟೆಗೆ ಹೋದರೆ ಕರುಳಿನಲ್ಲಿ ಲಾಡಿಹುಳು ಬೆಳೆಯುತ್ತದೆ. ಮಲದಲ್ಲಿ ಮೊಟ್ಟೆ, ಹುಳದ ದೇಹದ ತುಂಡುಗಳು ಸಿಗುತ್ತವೆ. ಅದೇ ಹುಳದ ಮೊಟ್ಟೆಯೇ ಹೊಟ್ಟೆಗೆ ಹೋದರೆ ಕಥೆ ಬೇರೆ. ಮೊಟ್ಟೆಯೊಳಗಿನ ಭ್ರೂಣ ಕರುಳಿನ ಗೋಡೆ ದಾಟಿ ರಕ್ತ ಸೇರಿ ಸ್ನಾಯು, ಕಣ್ಣು, ಮಿದುಳಿನಲ್ಲಿ ಲಾರ್ವಾ ಆಗಿ ಕೂರುತ್ತದೆ. ಹಾಗಾಗಿ ಹುಟ್ಟಾ ಸಸ್ಯಾಹಾರಿಗೂ ನ್ಯೂರೋಸಿಸ್ಟಿಸರ್ಕೋಸಿಸ್ ಬರುತ್ತದೆ: ಸರಿಯಾಗಿ ತೊಳೆಯದ ಹಸಿ ಸೊಪ್ಪು, ಕಲುಷಿತ ನೀರು, ಹುಳ ಇರುವವರ ಕೊಳಕು ಕೈಯಿಂದ ಬಡಿಸಿದ ಊಟ. "ರೋಗಿ ಮಾಂಸ ತಿನ್ನುವುದಿಲ್ಲ" ಎಂಬ ಸಾಲು ಕೇಸಿನಲ್ಲಿ ಕಂಡರೆ ಪರೀಕ್ಷಕರು ಇದನ್ನೇ ನೋಡುತ್ತಿದ್ದಾರೆ ಎಂದು ತಿಳಿಯಿರಿ. ಈ ರೋಗಿಯ ಕರುಳಿನಲ್ಲಿ ಹುಳ ಇರಲೇಬೇಕೆಂದಿಲ್ಲ, ಆದ್ದರಿಂದ ಮಲಪರೀಕ್ಷೆ ನೆಗೆಟಿವ್ ಬಂದರೂ ರೋಗ ಇಲ್ಲ ಎನ್ನಲಾಗದು. ಸಿಟಿ ಅಥವಾ ಎಂಆರ್‌ಐ, ಜೊತೆಗೆ ಆಂಟಿಬಾಡಿ ಪರೀಕ್ಷೆ ಬರೆಯಬೇಕು. ದನದ ಮಾಂಸದಿಂದ ಬರುವ ಟೀನಿಯಾ ಸ್ಯಾಜಿನೇಟಾದಲ್ಲಿ ಈ ಅಪಾಯ ಇಲ್ಲ, ಅದರ ಮೊಟ್ಟೆ ಮನುಷ್ಯನಲ್ಲಿ ಲಾರ್ವಾ ಆಗುವುದಿಲ್ಲ. ಮೈಕ್ರೋಸ್ಕೋಪಿನಲ್ಲಿ ಎರಡರ ಮೊಟ್ಟೆಯೂ ಒಂದೇ ಥರ, ಅದರಿಂದ ಜಾತಿ ಹೇಳಲು ಹೋಗಬೇಡಿ. ತುಂಡಿನೊಳಗಿನ ಗರ್ಭಕೋಶದ ಕವಲು ಎಣಿಸಬೇಕು: ಒಂದು ಬದಿಗೆ ಸೋಲಿಯಂನಲ್ಲಿ 13ಕ್ಕಿಂತ ಕಡಿಮೆ, ಸ್ಯಾಜಿನೇಟಾದಲ್ಲಿ 15ರಿಂದ 30.

ಇದೇ ಕಣ್ಣಿನಿಂದ ಎಕಿನೋಕಾಕಸ್ ಎಂಬ ನಾಯಿಯ ಲಾಡಿಹುಳ ನೋಡಿ. ಕೊಪ್ಪಳ, ಬಳ್ಳಾರಿ ಕಡೆ ಕುರಿ ಹಿಂಡಿನ ಜೊತೆ ನಾಯಿ ಇದ್ದೇ ಇರುತ್ತದೆ. ಪೂರ್ತಿ ಬೆಳೆದ ಹುಳ ಇರುವುದು ನಾಯಿಯ ಕರುಳಿನಲ್ಲಿ, ಮೊಟ್ಟೆ ಬರುವುದು ನಾಯಿಯ ಮಲದಲ್ಲಿ. ಕುರಿಗಾಹಿಯ ಲಿವರ್‌ನಲ್ಲಿರುವುದು ಹೈಡಾಟಿಡ್ ಸಿಸ್ಟ್, ಅಂದರೆ ಲಾರ್ವಾದ ನೀರುಗುಳ್ಳೆ. ಅವನ ಮಲದಲ್ಲಿ ಮೊಟ್ಟೆ ಹುಡುಕುತ್ತೇನೆ ಎಂದು ಬರೆದರೆ ಉತ್ತರ ಅಲ್ಲಿಗೇ ಬಿತ್ತು.

ಹೀಗಾಗಿ ಪ್ರತಿ ಪರಾವಲಂಬಿಗೂ ಅರ್ಧ ಪುಟ ಸಾಕು: ಹೊಕ್ಕುವ ಹಂತ ಮತ್ತು ದಾರಿ, ದೇಹದಲ್ಲಿ ಕೂರುವ ಜಾಗ, ಯಾವ ಸ್ಯಾಂಪಲ್‌ನಲ್ಲಿ ಏನು ಕಾಣುತ್ತದೆ, ಔಷಧಿ. ಚಿತ್ರ ಆಮೇಲೆ ಬರೆಯಿರಿ, ಈ ನಾಲ್ಕು ಸಾಲಿನಿಂದಲೇ ಅದು ತಾನಾಗಿ ಬರುತ್ತದೆ.

ಮಲಪರೀಕ್ಷೆಗೆ ಒಂದು ಪೂರ್ತಿ ದಿನ ಕೊಡಿ, ಪ್ರಾಕ್ಟಿಕಲ್‌ಗೂ ಅದೇ ಆಗುತ್ತದೆ. ಒಂದೇ ಸ್ಲೈಡ್ ಮೇಲೆ ಒಂದು ಕಡೆ ಸಲೈನ್, ಇನ್ನೊಂದು ಕಡೆ ಅಯೋಡಿನ್ ಹಾಕುವುದು ಯಾಕೆ ಎಂದು ಕೇಳುತ್ತಾರೆ. ಟ್ರೋಫೋಜೋಯಿಟ್ (ಅಮೀಬಾದಂಥವುಗಳ ಚಲಿಸುವ ಹಂತ) ಓಡಾಡುವುದು ಸಲೈನ್‌ನಲ್ಲಿ ಮಾತ್ರ ಕಾಣುತ್ತದೆ, ಅಯೋಡಿನ್ ಅದನ್ನು ಕೊಲ್ಲುತ್ತದೆ. ಸಿಸ್ಟ್‌ನ (ಗಟ್ಟಿ ಕವಚದ ಹಂತದ) ನ್ಯೂಕ್ಲಿಯಸ್ ಎಣಿಸಲು ಅಯೋಡಿನ್ ಬೇಕು. ನಾಲ್ಕರವರೆಗೆ ಇದ್ದರೆ ಭೇದಿ ತರುವ ಎಂಟಮೀಬಾ ಹಿಸ್ಟೋಲಿಟಿಕಾ, ಎಂಟರವರೆಗೆ ಹೋದರೆ ರೋಗ ತರದ ಎಂಟಮೀಬಾ ಕೋಲಿ. ನೀರಾದ ಭೇದಿಯನ್ನು ಅರ್ಧ ಗಂಟೆಯೊಳಗೆ ನೋಡಬೇಕು. ಸ್ಯಾಂಪಲ್ ಹಾಗೇ ಇಟ್ಟುಬಿಟ್ಟರೆ, ಅದರಲ್ಲೂ ನಮ್ಮ ಕಡೆಯ ಬಿಸಿಲಿಗೆ, ಕೊಕ್ಕೆಹುಳದ ಮೊಟ್ಟೆ ಒಡೆದು ಲಾರ್ವಾ ಹೊರಬರುತ್ತದೆ. ಅದನ್ನು ಸ್ಟ್ರಾಂಗಿಲಾಯ್ಡಿಸ್ (ಮಲದಲ್ಲಿ ಲಾರ್ವಾ ಆಗಿಯೇ ಬರುವ ಇನ್ನೊಂದು ಕರುಳಿನ ಹುಳ) ಎಂದುಕೊಳ್ಳುವುದು ಸುಲಭ. ಬಾಯಿಯ ಕುಹರ ಉದ್ದ ಇದ್ದರೆ ಕೊಕ್ಕೆಹುಳ, ಗಿಡ್ಡ ಇದ್ದರೆ ಸ್ಟ್ರಾಂಗಿಲಾಯ್ಡಿಸ್. ಮೊಟ್ಟೆಯನ್ನು ಗಾಢ ಉಪ್ಪುನೀರಿನಲ್ಲಿ ತೇಲಿಸುವ ಫ್ಲೋಟೇಶನ್‌ನಲ್ಲಿ ತೇಲದವು ಯಾವುವು ಎಂಬ ಪ್ರಶ್ನೆ ವೈವಾದಲ್ಲಿ ಬಂದೇ ಬರುತ್ತದೆ: ಫಲಿತವಾಗದ ಆಸ್ಕರಿಸ್ ಮೊಟ್ಟೆ, ಟೀನಿಯಾ ಮೊಟ್ಟೆ, ಮುಚ್ಚಳವಿರುವ ಮೊಟ್ಟೆಗಳು, ಸ್ಟ್ರಾಂಗಿಲಾಯ್ಡಿಸ್ ಲಾರ್ವಾ.

ಮಲೇರಿಯಾ ಸ್ಮಿಯರ್ (ಸ್ಲೈಡಿನ ಮೇಲಿನ ರಕ್ತದ ಲೇಪ) ಕೈಯಿಂದ ಮಾಡಿ ಕಲಿಯಿರಿ. ಥಿಕ್ ಸ್ಮಿಯರ್‌ಗೆ ಮೆಥನಾಲ್ ಹಾಕಬಾರದು, ಹಾಕಿದರೆ ಹಿಮೋಗ್ಲೋಬಿನ್ ಹೊರಗೆ ಹೋಗದೆ ಪರಾವಲಂಬಿ ಮುಚ್ಚಿಹೋಗುತ್ತದೆ. ಥಿನ್ ಸ್ಮಿಯರ್‌ಗೆ ಹಾಕಲೇಬೇಕು. ಎರಡೂ ಒಂದೇ ಸ್ಲೈಡ್ ಮೇಲಿದ್ದರೆ ಥಿನ್ ಭಾಗ ಕೆಳಗಾಗುವಂತೆ ಓರೆಯಾಗಿ ಹಿಡಿದು ಮೆಥನಾಲ್ ಮುಟ್ಟಿಸಿ. ಬಣ್ಣದ ಬಫರ್‌ನ ಪಿಎಚ್ 7.2 ಇರಲಿ, ಆಮ್ಲ ಆದರೆ ವೈವ್ಯಾಕ್ಸ್ ಮಲೇರಿಯಾದ ಶೂಫ್ನರ್ ಚುಕ್ಕಿ ಕಾಣುವುದಿಲ್ಲ. ಫಾಲ್ಸಿಪಾರಮ್ ಮಲೇರಿಯಾದಲ್ಲಿ ಸಾಮಾನ್ಯವಾಗಿ ಬರೀ ಉಂಗುರ ಮತ್ತು ಅರ್ಧಚಂದ್ರ ಕಾಣಲು ಕಾರಣ, ಬೆಳೆದ ಹಂತಗಳು ಒಳಗಿನ ಸಣ್ಣ ರಕ್ತನಾಳಗಳಿಗೆ ಅಂಟಿಕೊಂಡಿರುತ್ತವೆ. ಈ ಒಂದು ವಾಕ್ಯ ಬರೆದರೆ ಸೆರೆಬ್ರಲ್ ಮಲೇರಿಯಾದ ಅರ್ಧ ಉತ್ತರ ಬಂದಂತೆ. ಬೇರೆಯವರ ರಕ್ತ ಏರಿಸಿದ್ದರಿಂದ ಬಂದ ಮಲೇರಿಯಾದಲ್ಲಿ ಸ್ಪೋರೋಜೋಯಿಟ್ (ಸೊಳ್ಳೆಯಿಂದ ಹೊಕ್ಕುವ ಹಂತ) ಇಲ್ಲ, ಲಿವರ್ ಹಂತ ಇಲ್ಲ, ಹಿಪ್ನೋಜೋಯಿಟ್ (ಲಿವರ್‌ನಲ್ಲಿ ಮಲಗಿರುವ ಹಂತ) ಇಲ್ಲ, ಆದ್ದರಿಂದ ರಿಲ್ಯಾಪ್ಸ್ ತಡೆಯಲು ಪ್ರೈಮಾಕ್ವಿನ್ ಬೇಕಿಲ್ಲ. ಹೊಕ್ಕುವ ಹಂತ ಬದಲಾದರೆ ಚಿಕಿತ್ಸೆಯೂ ಬದಲಾಗುತ್ತದೆ ಎಂಬುದು ಇಲ್ಲೂ ಅದೇ.

ಬ್ಯಾಕ್ಟೀರಿಯಾಲಜಿಗೆ ನೀವು ಅಂದುಕೊಂಡಷ್ಟು ದಿನ ಬೇಡ. ಲ್ಯಾಬ್ ಡಯಾಗ್ನೋಸಿಸ್ ಅಸ್ಥಿಪಂಜರ ಎಲ್ಲದಕ್ಕೂ ಒಂದೇ: ಸ್ಯಾಂಪಲ್, ಸಾಗಣೆ, ಮೈಕ್ರೋಸ್ಕೋಪಿ, ಕಲ್ಚರ್, ಗುರುತಿಸುವುದು, ಸೆನ್ಸಿಟಿವಿಟಿ. ಕಾಲರಾಕ್ಕೆ ಸಾಗಣೆಗೆ ವಿಆರ್ ಮೀಡಿಯಂ, ಬೆಳೆಸಲು ಆಲ್ಕಲೈನ್ ಪೆಪ್ಟೋನ್ ವಾಟರ್, ಟಿಸಿಬಿಎಸ್ ಅಗರ್ ಮೇಲೆ ಹಳದಿ ಕಾಲೊನಿ. ಟೈಫಾಯ್ಡ್‌ಗೆ ವಾರದ ಲೆಕ್ಕ: ಮೊದಲ ವಾರ ರಕ್ತ, ಎರಡನೇ ವಾರ ವಿಡಾಲ್ (ಆಂಟಿಬಾಡಿ ಪರೀಕ್ಷೆ), ಆಮೇಲೆ ಮಲ, ಮೂತ್ರ. ಸಿಂಧನೂರು, ಗಂಗಾವತಿ ಥರ ಕಾಲುವೆ ನೀರಿನ ಭತ್ತದ ಗದ್ದೆಯಲ್ಲಿ ದುಡಿಯುವವರಿಗೆ ಜ್ವರ, ಕಾಮಾಲೆ ಎಂದರೆ ಇಲಿಯ ಮೂತ್ರದಿಂದ ಹರಡುವ ಲೆಪ್ಟೊಸ್ಪೈರಾ ಬರೆಯಿರಿ. ಗದ್ದೆ, ಹಂದಿ, ಮಗುವಿಗೆ ಜ್ವರದ ಜೊತೆ ಫಿಟ್ಸ್ ಎಂದರೆ ಜಪಾನೀಸ್ ಎನ್ಸೆಫಲೈಟಿಸ್.

ಗ್ರಾಂ ಸ್ಟೇನ್‌ನಲ್ಲಿ ಕೆಡುವುದು ಹೆಚ್ಚಾಗಿ ಬಣ್ಣ ತೆಗೆಯುವ ಹಂತ. ಅಸಿಟೋನ್ ಆದರೆ ಎರಡು ಮೂರು ಸೆಕೆಂಡಿಗೇ ತೊಳೆಯಿರಿ, ಹೆಚ್ಚಾದರೆ ಸ್ಟ್ಯಾಫಿಲೋಕಾಕಸ್ ಕೂಡ ಕೆಂಪಗೆ ಕಂಡು ನೆಗೆಟಿವ್ ಎಂದು ಬರೆಯುತ್ತೀರಿ. ಸ್ಮಿಯರ್ ದಪ್ಪ ಇದ್ದರೆ ಇದರ ತದ್ವಿರುದ್ಧ. ಟಿಬಿ, ಕುಷ್ಠದ ಕಡ್ಡಿ ನೋಡುವ ಜೀಲ್ ನೀಲ್ಸನ್ ಸ್ಟೇನ್‌ನಲ್ಲಿ ಆವಿ ಬರುವಷ್ಟು ಕಾಯಿಸಿ, ಕುದಿಸಬೇಡಿ. ಟಿಬಿಗೆ ಬಣ್ಣ ತೆಗೆಯುವ ಸಲ್ಫ್ಯೂರಿಕ್ ಆಮ್ಲ 20ರಿಂದ 25 ಶೇಕಡಾ, ಕುಷ್ಠಕ್ಕೆ 5, ಭೇದಿ ತರುವ ಪರಾವಲಂಬಿ ಕ್ರಿಪ್ಟೋಸ್ಪೋರಿಡಿಯಂ ನೋಡಲು 1. ನೂರು ಫೀಲ್ಡಿನಲ್ಲಿ 1ರಿಂದ 9 ಕಡ್ಡಿ ಕಂಡರೆ ಸ್ಕ್ಯಾಂಟಿ ಎಂದು ಸಂಖ್ಯೆ ಸಮೇತ ಬರೆಯಬೇಕು. 10ರಿಂದ 99 ಇದ್ದರೆ 1+.

ವೈರಾಲಜಿಯಲ್ಲಿ ಹೆಪಟೈಟಿಸ್ ಬಿ ಮಾರ್ಕರ್, ಎಚ್‌ಐವಿ, ರೇಬೀಸ್, ಡೆಂಗಿ ಬಿಗಿಯಾಗಿರಲಿ. ಡೆಂಗಿಗೆ ಮೊದಲ ಐದು ದಿನ ವೈರಸ್‌ನ ಪ್ರೋಟೀನ್ ಎನ್‌ಎಸ್1, ಆಮೇಲೆ ಐಜಿಎಂ ಆಂಟಿಬಾಡಿ.

ಹೊಸ ಪುಸ್ತಕ ಕೊಳ್ಳಬೇಡಿ. ಬೆಳಗ್ಗೆ ಒಂದು ಅಂಗವ್ಯೂಹ ಓದಿ, ಸಂಜೆ ಅದರದೇ ಒಂದು ಕೇಸಿಗೆ ಗಡಿಯಾರ ಇಟ್ಟುಕೊಂಡು ಪೂರ್ತಿ ಉತ್ತರ ಬರೆಯಿರಿ. ಕೊನೆಯ ನಾಲ್ಕು ದಿನ ಲ್ಯಾಬಿಗೆ ಹೋಗಿ ಸ್ಪಾಟರ್ಸ್ (ಗುರುತಿಸಲು ಇಡುವ ಸ್ಲೈಡ್, ಮಾದರಿಗಳು) ನೋಡಿ: ಪ್ರತಿ ಸ್ಲೈಡಿಗೂ ಹೆಸರು ಬರೆದು ಸುಮ್ಮನಾಗದೆ, ಗುರುತಿಸಿದ್ದಕ್ಕೆ ಎರಡು ಕಾರಣ, ಇದು ಹೊಕ್ಕುವ ಹಂತವೋ ಕಾಣುವ ಹಂತವೋ ಎಂಬುದನ್ನೂ ಪಕ್ಕದಲ್ಲೇ ಬರೆಯಿರಿ.