ಸರ್ವೋಗಳಿಗೆ ಆರ್ಡುಯಿನೋದ 5 ವೋಲ್ಟ್ ಪಿನ್ ಸಾಲದು

ಹಳೆಯ ರೇಡಿಯೋ ನಿಯಂತ್ರಿತ ಮಾದರಿ ವಿಮಾನಗಳಿಂದ ಬಿಚ್ಚಿದ ಆರು ಸರ್ವೋಗಳನ್ನು (ಹೇಳಿದ ಕೋನಕ್ಕೆ ತಿರುಗಿ ನಿಲ್ಲುವ ಪುಟ್ಟ ಮೋಟಾರ್‌ಗಳು) ಆರ್ಡುಯಿನೋ ಊನೋ ಎಂಬ ಪುಟ್ಟ ನಿಯಂತ್ರಕ ಬೋರ್ಡಿನ 5 ವೋಲ್ಟ್ ಪಿನ್‌ಗೇ ಕಟ್ಟಿ, ‘ಮೂರನೆಯದು ಅಲುಗಿದ ಕೂಡಲೇ ಬೋರ್ಡ್ ರೀಸೆಟ್ ಆಗುತ್ತದೆ, ಕೋಡ್ ನೋಡಿ’ ಎಂದು ಕೇಳಿದ್ದೀರಿ. ಕೋಡ್ ನೋಡಿಲ್ಲ, ನೋಡುವುದೂ ಇಲ್ಲ. ಇದೇ ತಪ್ಪಿಗೆ ನಾನು ಎರಡು ವಾರ ಕಳೆದುಕೊಂಡಿದ್ದೇನೆ.

ಲೈಬ್ರರಿಯನ್ನು ಮೂರು ಸಲ ಬದಲಿಸಿದೆ. ಬೋರ್ಡೇ ನಕಲಿ ಎಂದು ಹೊಸದನ್ನು ಕೊಂಡೆ, ಅದೂ ಹಾಗೇ ಮಾಡಿತು. ಮಲ್ಟಿಮೀಟರ್ ಮಾತ್ರ ನೆಮ್ಮದಿಯಾಗಿ 4.9 ತೋರಿಸುತ್ತಿತ್ತು. ಕೆಲವೇ ಮಿಲಿಸೆಕೆಂಡುಗಳ ಕುಸಿತ ಅದರ ಕಣ್ಣಿಗೆ ಬೀಳುವುದೇ ಇಲ್ಲ! ವೋಲ್ಟೇಜಿನ ಕ್ಷಣಕ್ಷಣದ ಏರಿಳಿತ ತೋರಿಸುವ ಆಸಿಲೋಸ್ಕೋಪ್ ಎರವಲು ತಂದು ನೋಡಿದರೆ, ಸರ್ವೋ ಹೊರಡುವಾಗಲೆಲ್ಲ ವೋಲ್ಟೇಜ್ ಹಳ್ಳಕ್ಕೆ ಬೀಳುತ್ತಿತ್ತು. ಊನೋದ ಬ್ರೌನ್‌ಔಟ್ ಮಿತಿ 2.7 ವೋಲ್ಟ್, ಅದಕ್ಕಿಂತ ಇಳಿದರೆ ರೀಸೆಟ್. ಯುಎಸ್‌ಬಿ ದಾರಿಯಲ್ಲಿರುವ ಫ್ಯೂಸ್ 500 ಮಿಲಿಆಂಪಿಯರ್‌ನದು. ಎಸ್‌ಜಿ90 ಎಂಬ ಪುಟ್ಟ ಸರ್ವೋ ಒಂದೇ ಸಿಕ್ಕಿಬಿದ್ದರೆ (ತಿರುಗಲಾಗದೆ ನಿಂತರೆ) ಅದಕ್ಕಿಂತ ಹೆಚ್ಚು ಎಳೆಯುತ್ತದೆ. ಅದಕ್ಕಿಂತ ದೊಡ್ಡ ಎಂಜಿ996ಆರ್ ಸರ್ವೋ ಆದರೆ 6 ವೋಲ್ಟ್‌ನಲ್ಲಿ ಸುಮಾರು 2.5 ಆಂಪಿಯರ್. ಗೇರ್ ಬಿಗಿದ ಹಳೆಯ ಸರ್ವೋ ಯಾವಾಗ ಸಿಕ್ಕಿಬೀಳುತ್ತದೆ ಎಂದು ಹೇಳಲಾಗದು.

ಆದ್ದರಿಂದ ಸರ್ವೋಗಳಿಗೆ ಬೇರೆ ಪೂರೈಕೆ ಕೊಡಿ. ನಾನು ಎಕ್ಸ್‌ಎಲ್4015 ಬಕ್ ಮಾಡ್ಯೂಲ್ (ವೋಲ್ಟೇಜ್ ಇಳಿಸುವ ಪುಟ್ಟ ಬೋರ್ಡ್) ಬಳಸುತ್ತೇನೆ. ಅಂಥದೇ ಇನ್ನೊಂದು ಮಾಡ್ಯೂಲ್ ಎಲ್‌ಎಂ2596 ಮೇಲಿನ ‘3 ಆಂಪಿಯರ್’ ಬರಹವನ್ನು ಹೀಟ್‌ಸಿಂಕ್ ಇಲ್ಲದೆ ನಂಬಬೇಡಿ. 5 ವೋಲ್ಟ್ ಕೊಡುವ 7805 ರೆಗ್ಯುಲೇಟರ್ ಅಂತೂ ಬೇಡವೇ ಬೇಡ: 12 ವೋಲ್ಟ್ ಕೊಟ್ಟು 1 ಆಂಪಿಯರ್ ಎಳೆದರೆ 7 ವ್ಯಾಟ್ ಬರೀ ಬಿಸಿ. ಯಾವ ಮಾಡ್ಯೂಲ್ ಆದರೂ ಸರ್ವೋ ಜೋಡಿಸುವ ಮೊದಲೇ ವೋಲ್ಟೇಜ್ ಹೊಂದಿಸಿ. ಜೋಡಿಸಿಟ್ಟು ಸ್ಕ್ರೂ ತಿರುಗಿಸಿ ಒಂದನ್ನು ಸುಟ್ಟ ಮೇಲೆ ಕಲಿತದ್ದು ಇದು. ಎರಡೂ ಪೂರೈಕೆಗಳ ಗ್ರೌಂಡ್ (ಋಣ ತಂತಿ) ಕೂಡಿರಬೇಕು, ಇಲ್ಲದಿದ್ದರೆ ಸರ್ವೋ ಭೂತ ಹೊಕ್ಕಂತೆ ಕುಣಿಯುತ್ತದೆ. ಧನ ತಂತಿಗಳನ್ನು ಮಾತ್ರ ಕೂಡಿಸಬೇಡಿ. ಸರ್ವೋ ಸಾಲಿನ ಬಳಿ 1000 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ ಒಂದು ಇರಲಿ. ಬ್ರೆಡ್‌ಬೋರ್ಡಿನಲ್ಲಿ ಆಂಪಿಯರ್‌ಗಟ್ಟಲೆ ಹರಿಸುವ ಹುಚ್ಚನ್ನು ಬಿಡಿ, ದಪ್ಪ ತಂತಿಯನ್ನೇ ಬೆಸುಗೆ ಹಾಕಿ.

ಆರು ಸರ್ವೋ ಎಂದರೆ ಅವುಗಳಿಗೆ ಸಂಕೇತ ಕಳಿಸುವ ಪಿಸಿಎ9685 ಚಿಪ್ ಸುಲಭ, 16 ಚಾನೆಲ್ ಸಿಗುತ್ತವೆ. ಅದರ ಒಳಗಿನ 25 ಮೆಗಾಹರ್ಟ್ಸ್ ಆಸಿಲೇಟರ್ (ಸಮಯ ಎಣಿಸುವ ಗಡಿಯಾರ) ತುಸು ಆಚೀಚೆ ಇರುತ್ತದೆ, ಹಾಗಾಗಿ ಸರ್ವೋವನ್ನು ನಡುವಿನಲ್ಲಿ ನಿಲ್ಲಿಸುವ 1.5 ಮಿಲಿಸೆಕೆಂಡ್ ಪಲ್ಸನ್ನು ಅಳೆದು ಹೊಂದಿಸಿ. ಅನಲಾಗ್ ಸರ್ವೋಗಳಿಗೆ 50 ಹರ್ಟ್ಸ್ (ಸೆಕೆಂಡಿಗೆ 50 ಪಲ್ಸ್) ಸಾಕು. ಡಿಜಿಟಲ್ ಸರ್ವೋಗಳ 300 ಹರ್ಟ್ಸನ್ನು ಇವಕ್ಕೆ ಕೊಟ್ಟರೆ ಮೋಟಾರ್ ಕಾದು ಸಾಯುತ್ತದೆ. ಆರನ್ನೂ ಒಟ್ಟಿಗೆ ಎಬ್ಬಿಸದೆ 200 ಮಿಲಿಸೆಕೆಂಡ್ ಅಂತರದಲ್ಲಿ ಒಂದೊಂದಾಗಿ ಎಬ್ಬಿಸಿ.

ಬಿಚ್ಚಿದ ಸರ್ವೋಗಳ ತಂತಿಯ ಬಣ್ಣವನ್ನು ಕಣ್ಣುಮುಚ್ಚಿ ನಂಬಬೇಡಿ. ಹೆಚ್ಚಿನವುಗಳಲ್ಲಿ ನಡುವಿನದು ಧನ, ಆದರೆ ಕೆಲವು ಹಳೆಯ ಕಂಪನಿಗಳ ಕ್ರಮ ಬೇರೆ. ಫುಟಾಬಾ ಕಂಪನಿಯ ಹಳೆಯ ಸರ್ವೋ ಸಿಕ್ಕಿದ್ದರೆ ನಿಮ್ಮ ಅದೃಷ್ಟ, ನನಗೆ ಅವುಗಳ ಮೇಲೆ ತುಸು ಪಕ್ಷಪಾತವಿದೆ. ನಿಂತಲ್ಲೇ ನಡುಗುವ ಸರ್ವೋವನ್ನು ಎಸೆಯುವ ಮುನ್ನ ಮುಚ್ಚಳ ಬಿಚ್ಚಿ, ಒಳಗೆ ಕೋನ ಅಳೆಯುವ ಪೊಟೆನ್ಶಿಯೋಮೀಟರ್‌ಗೆ ಕಾಂಟ್ಯಾಕ್ಟ್ ಕ್ಲೀನರ್ ಹನಿಸಿ ಹತ್ತಾರು ಸಲ ತಿರುಗಿಸಿ ನೋಡಿ. ಸೈಕಲ್ ಚೈನಿನ ಎಣ್ಣೆ ಬಿಡಬೇಡಿ.