ಪ್ರಶ್ನೋತ್ತರ: ಹಳ್ಳಿಗಾಡಿನ ವಸಂತ

ಪ್ರಶ್ನೆ: ಮೂವತ್ತು ವರ್ಷ ನಗರದಲ್ಲಿ ದುಡಿದು, ನಿವೃತ್ತನಾದ ಮೇಲೆ ಹಳ್ಳಿಯಲ್ಲಿ ಬಂದು ನೆಲೆಸಿದ್ದೇನೆ. ವಸಂತದ ಸೊಗಸನ್ನು ಓದಿ ತಿಳಿದಿದ್ದ ನನಗೆ ಈಗ ಸ್ವಲ್ಪ ನಿರಾಸೆಯಾಗಿದೆ. ದಿನವೂ ಬೆಳಿಗ್ಗೆ ನಾಲ್ಕೈದು ಕಿಲೋಮೀಟರ್ ನಡೆಯುತ್ತೇನೆ. ಚಿಗುರು ಕಾಣುತ್ತದೆ, ಅಲ್ಲಲ್ಲಿ ಹೂವೂ ಕಾಣುತ್ತದೆ, ಆದರೆ ಹತ್ತು ದಿನಗಳಲ್ಲೇ ಎಲ್ಲವೂ ಒಂದೇ ರೀತಿ ಎನಿಸಿಬಿಟ್ಟಿದೆ. ನೋಡಬೇಕಾದದ್ದನ್ನು ನಾನು ನೋಡುತ್ತಿಲ್ಲವೇ?

ಉತ್ತರ: ನಡಿಗೆಯನ್ನು ಸ್ವಲ್ಪ ಕಡಿಮೆ ಮಾಡಿ ಎನ್ನುವುದು ನನ್ನ ಮೊದಲ ಸಲಹೆ. ನಾಲ್ಕೈದು ಕಿಲೋಮೀಟರ್ ದಾರಿಯಲ್ಲಿ ಕಣ್ಣಿಗೆ ಬೀಳುವ ನೂರಾರು ಗಿಡಮರಗಳಲ್ಲಿ ಯಾವುದು ನಿನ್ನೆ ಹೇಗಿತ್ತೆಂಬುದು ನೆನಪಿನಲ್ಲಿ ಉಳಿಯುವುದಿಲ್ಲ. ನಿನ್ನೆಯದು ನೆನಪಿಲ್ಲದವರಿಗೆ ಇಂದು ಆಗಿರುವ ಬದಲಾವಣೆ ಕಾಣುವುದೂ ಇಲ್ಲ. ಈ ಋತುವಿನ ಸುಖವೆಲ್ಲ ಇರುವುದು ಆ ದಿನದಿನದ ಬದಲಾವಣೆಯಲ್ಲೇ. ಆದ್ದರಿಂದ ಮನೆಯಿಂದ ಐದು ನಿಮಿಷದ ದೂರದಲ್ಲಿರುವ ಒಂದು ಮರವನ್ನು, ಅದರಲ್ಲೂ ಕೈಗೆಟಕುವ ಒಂದು ರೆಂಬೆಯನ್ನು ಆರಿಸಿಕೊಳ್ಳಿ. ಗುರುತಿಗೆ ಒಂದು ನೂಲು ಕಟ್ಟಿ, ಮೂರು ವಾರ ಅದೇ ರೆಂಬೆಯ ಬಳಿಗೆ ಹೋಗಿ.

ಮೊದಲ ಕೆಲವು ದಿನ ಏನೂ ನಡೆಯುತ್ತಿಲ್ಲ ಎನಿಸುತ್ತದೆ. ಹಳೆಯ ಎಲೆ ಉದುರಿದ ಜಾಗದಲ್ಲಿ ಒಂದು ಗಾಯದ ಕಲೆಯಿರುತ್ತದೆ, ಅದರ ಮೇಲ್ಭಾಗದಲ್ಲಿ ಗೋಧಿಕಾಳಿನಷ್ಟು ಮೊಗ್ಗು ಬಿಗಿಯಾಗಿ ಕುಳಿತಿರುತ್ತದೆ. ಒಂದು ಬೆಳಿಗ್ಗೆ ಆ ಮೊಗ್ಗಿನ ಹೊರಪದರಗಳ ನಡುವೆ ಕೂದಲೆಳೆಯಷ್ಟು ಬಿರುಕು ಬಿಟ್ಟಿರುತ್ತದೆ. ಮರುದಿನ ಆ ಬಿರುಕಿನೊಳಗೆ ಬಣ್ಣ ಇಣುಕುತ್ತದೆ, ಮತ್ತೆರಡು ದಿನಗಳಲ್ಲಿ ಮಡಿಕೆ ಮಡಿಕೆಯಾಗಿ ಸುತ್ತಿಕೊಂಡಿದ್ದ ಎಲೆ ಒದ್ದೆ ಬಟ್ಟೆಯಂತೆ ಜೋತುಬೀಳುತ್ತದೆ. ಅನೇಕ ಮರಗಳಲ್ಲಿ ಈ ಎಳೆಯ ಎಲೆ ಹಸಿರಾಗಿರದೆ ತಾಮ್ರದ ಬಣ್ಣದಲ್ಲೋ ಕಡುಗೆಂಪಿನಲ್ಲೋ ಇರುತ್ತದೆ. ಹಸಿರು ಕೊಡುವ ಕ್ಲೋರೊಫಿಲ್ ಆಗ ಇನ್ನೂ ಪೂರ್ತಿ ತಯಾರಾಗಿರುವುದಿಲ್ಲ, ಆಂಥೋಸಯನಿನ್ ಎಂಬ ಕೆಂಪು ಬಣ್ಣದ ವಸ್ತು ತುಂಬಿಕೊಂಡಿರುತ್ತದೆ. ಪ್ರಖರ ಬಿಸಿಲಿನಿಂದ ಎಳೆಯ ಅಂಗಾಂಶವನ್ನು ಅದು ಕಾಪಾಡುತ್ತದೆ ಎಂಬುದು ಸಸ್ಯವಿಜ್ಞಾನಿಗಳು ಕೊಡುವ ಮುಖ್ಯ ವಿವರಣೆ. ಆ ಎಲೆಯನ್ನು ಕೀಳದೆ, ಬಿಸಿಲಿಗೆ ಎದುರಾಗಿ ನಿಂತು, ಅದರ ಮೂಲಕ ಬರುವ ಬೆಳಕನ್ನು ನೋಡಿ. ನರನರವೂ ಎದ್ದು ಕಾಣುತ್ತದೆ. ವಾರದೊಳಗೆ ಎಲೆ ಗಟ್ಟಿಯಾಗಿ ಆ ಬಣ್ಣ ಹೋಗಿಬಿಡಬಹುದು, ಆಮೇಲೆ ಅದನ್ನು ಮತ್ತೆ ನೋಡಲು ಹೊಸ ಚಿಗುರಿಗಾಗಿ ಕಾಯಬೇಕು.

ಕಂಡದ್ದನ್ನು ದಿನಾಂಕದ ಸಮೇತ ಒಂದು ಸಾಲಿನಲ್ಲಿ ಬರೆದಿಡಿ. ಇದು ಬಹಳ ಹಳೆಯ ಅಭ್ಯಾಸ. ಇಂಗ್ಲೆಂಡಿನ ನಾರ್ಫಕ್‌ನಲ್ಲಿ ರಾಬರ್ಟ್ ಮಾರ್ಷಮ್ ಎಂಬ ಜಮೀನುದಾರರು ಮೊದಲ ಚಿಗುರು, ಮೊದಲ ಹೂವು, ಮೊದಲ ಹಕ್ಕಿಯ ಕೂಗು ಯಾವ ದಿನ ಎಂದು 1736ರಿಂದ ಬರೆದಿಡಲು ತೊಡಗಿದರು. ಅವರ ಮನೆತನದವರು ಅದನ್ನು 1958ರವರೆಗೂ ಮುಂದುವರಿಸಿದರು. ಜಪಾನಿನ ಕ್ಯೋಟೊದಲ್ಲಿ ಚೆರ್ರಿ ಮರಗಳು ಅರಳಿದ ದಿನಗಳ ಉಲ್ಲೇಖಗಳು ಒಂಬತ್ತನೆಯ ಶತಮಾನದಿಂದ ಸಿಗುತ್ತವೆ. ಹೂವು ನೋಡಿ ಖುಷಿಪಟ್ಟವರ ದಿನಚರಿಗಳಲ್ಲಿ ಉಳಿದಿದ್ದ ಆ ದಿನಾಂಕಗಳಿಂದಲೇ ಇಂದಿನ ವಿಜ್ಞಾನಿಗಳು ಭೂಮಿ ಬಿಸಿಯಾಗುತ್ತಿರುವ ಬಗೆಯನ್ನು ಅಳೆಯುತ್ತಿದ್ದಾರೆ. ನಿಮ್ಮ ಪುಸ್ತಕ ಅಷ್ಟು ದೊಡ್ಡ ಕೆಲಸಕ್ಕೆ ಬರಬೇಕೆಂದೇನಿಲ್ಲ. ಮುಂದಿನ ವರ್ಷ ಅದೇ ರೆಂಬೆಯ ಮುಂದೆ ನಿಂತು ಅದನ್ನು ತೆರೆದಾಗ ನಿಮಗಾಗುವ ಸಂತೋಷ ನಿಮ್ಮದಾದರೆ ಸಾಕು.

ಪ್ರಶ್ನೆ: ವಸಂತ ನಿಜವಾಗಿ ಆರಂಭವಾಗುವುದು ಯಾವ ದಿನ?

ಉತ್ತರ: ಖಗೋಳದ ಲೆಕ್ಕದಲ್ಲಿ ಉತ್ತರಾರ್ಧಗೋಳಕ್ಕೆ ಮಾರ್ಚ್ 20ರ ಆಸುಪಾಸಿನಲ್ಲಿ, ಹಗಲಿರುಳು ಹೆಚ್ಚುಕಡಿಮೆ ಸಮವಾಗುವ ದಿನ, ದಕ್ಷಿಣಾರ್ಧಗೋಳಕ್ಕೆ ಸೆಪ್ಟೆಂಬರ್ 22 ಅಥವಾ 23. ಗಿಡಗಳು ಮಾತ್ರ ಹಗಲಿನ ಉದ್ದದ ಜೊತೆಗೆ ನೆಲದ ಮತ್ತು ಗಾಳಿಯ ಬಿಸಿಯನ್ನೂ ತೇವವನ್ನೂ ನೋಡಿಕೊಂಡು ತಮ್ಮ ದಿನವನ್ನು ಗೊತ್ತುಮಾಡುತ್ತವೆ. ಅಮೆರಿಕದ ಕೀಟವಿಜ್ಞಾನಿ ಆಂಡ್ರ್ಯೂ ಹಾಪ್ಕಿನ್ಸ್ 1918ರಲ್ಲಿ ಒಂದು ಸ್ಥೂಲ ನಿಯಮವನ್ನು ಮುಂದಿಟ್ಟಿದ್ದರು: ಅಲ್ಲಿಯ ಸಮಶೀತೋಷ್ಣ ಪ್ರದೇಶಗಳಲ್ಲಿ ಸುಮಾರು 120 ಮೀಟರ್ ಎತ್ತರಕ್ಕೆ ಹೋದಂತೆ ವಸಂತ ನಾಲ್ಕು ದಿನ ತಡವಾಗುತ್ತದೆ. ಚಳಿ ಚೆನ್ನಾಗಿ ಬೀಳುವ ಗುಡ್ಡಗಾಡಿನವರಿಗೆ ಇದು ದೊಡ್ಡ ಭಾಗ್ಯ. ಕೆಳಗೆ ಹೂವು ಉದುರಿಹೋಯಿತೆಂದು ಮರುಗುವವರು ಗುಡ್ಡ ಹತ್ತಿದರೆ, ಹೋದ ವಾರದ ವಸಂತ ಅಲ್ಲಿ ಇನ್ನೂ ಸಿಗುತ್ತದೆ.

ಪ್ರಶ್ನೆ: ರಜೆಗೆಂದು ಹಳ್ಳಿಗೆ ಬಂದರೆ ನಸುಕಿನಲ್ಲಿ ಹಕ್ಕಿಗಳ ಗದ್ದಲಕ್ಕೆ ಎಚ್ಚರವಾಗಿಬಿಡುತ್ತದೆ. ಇನ್ನೂ ಕತ್ತಲಿರುವಾಗಲೇ ಅವು ಇಷ್ಟೊಂದು ಕೂಗುವುದು ಏಕೆ?

ಉತ್ತರ: ಎಚ್ಚರವಾದ ಮೇಲೆ ಹೊದಿಕೆ ಎಳೆದುಕೊಳ್ಳದೆ ಒಂದು ದಿನ ಹೊರಗೆ ಬಂದು ಕುಳಿತುಕೊಳ್ಳಿ ಎಂದು ವಿನಂತಿಸುತ್ತೇನೆ. ವರ್ಷದ ಬೇರೆ ಯಾವ ಕಾಲದಲ್ಲೂ ಈ ಉಲಿ ಇಷ್ಟು ತುಂಬಿಬರುವುದಿಲ್ಲ. ಹಗಲು ಉದ್ದವಾಗುತ್ತಿರುವುದು ಹಕ್ಕಿಗಳಿಗೆ ತಿಳಿಯುವ ಬಗೆಯೇ ಅಚ್ಚರಿಯದು: ಬೆಳಕು ತಲೆಬುರುಡೆಯನ್ನು ಹಾದು ಮಿದುಳಿನ ಒಳಭಾಗದಲ್ಲಿರುವ, ಬೆಳಕನ್ನು ಗ್ರಹಿಸುವ ಜೀವಕೋಶಗಳನ್ನು ಮುಟ್ಟುತ್ತದೆ, ಅಲ್ಲಿಂದ ಸಂತಾನದ ಹಾರ್ಮೋನುಗಳು ಜಾಗೃತವಾಗುತ್ತವೆ. ಆಗ ಗಂಡು ಹಕ್ಕಿಗೆ ತನ್ನ ಎಲ್ಲೆಯನ್ನು ಸಾರಬೇಕು, ಸಂಗಾತಿಯನ್ನೂ ಕರೆಯಬೇಕು. ನಸುಕಿನಲ್ಲಿ ಹುಳುಹುಪ್ಪಟೆ ಹುಡುಕುವಷ್ಟು ಬೆಳಕಿರುವುದಿಲ್ಲ, ಆದ್ದರಿಂದ ಆ ಹೊತ್ತನ್ನು ಹಾಡಿಗೆ ಕೊಡುವುದರಿಂದ ನಷ್ಟವಿಲ್ಲ. ಗಾಳಿಯೂ ಸಾಮಾನ್ಯವಾಗಿ ನಿಶ್ಚಲವಾಗಿರುವುದರಿಂದ ದನಿ ಸ್ಪಷ್ಟವಾಗಿ ಕೇಳುತ್ತದೆ.

ಸೂರ್ಯೋದಯಕ್ಕೆ ಮುಕ್ಕಾಲು ಗಂಟೆ ಮೊದಲೇ ಕುಳಿತರೆ ನೀವು ಗದ್ದಲ ಎಂದುಕೊಂಡದ್ದು ಎಳೆಎಳೆಯಾಗಿ ಬಿಡಿಸಿಕೊಳ್ಳುತ್ತದೆ. ಮೊದಲು ಒಂದೇ ದನಿ, ಅದಕ್ಕೆ ದೂರದಿಂದ ಇನ್ನೊಂದರ ಉತ್ತರ, ಬೆಳಕು ಹೆಚ್ಚಿದಂತೆ ಮತ್ತೊಂದು ಜಾತಿ. ಯಾವ ಜಾತಿ ಯಾವಾಗ ಶುರುಮಾಡುತ್ತದೆ ಎಂಬುದರಲ್ಲೂ ದಿನದಿಂದ ದಿನಕ್ಕೆ ಒಂದು ಕ್ರಮವಿರುವುದು ತಿಳಿಯುತ್ತದೆ. ಕೋಗಿಲೆಯಿದ್ದರೆ ಅದರ ಕೂಗು ಮೆಟ್ಟಿಲು ಹತ್ತಿದಂತೆ ಒಂದೊಂದು ಬಾರಿಗೂ ಮೇಲೇರಿ, ತುದಿಯಲ್ಲಿ ಥಟ್ಟನೆ ನಿಲ್ಲುವುದನ್ನು ಗಮನಿಸಿ. ಹಾಗೆ ಹಾಡುವುದು ಕಪ್ಪು ಮೈಯ ಗಂಡು. ಕಂದು ಮೈಯ ಮೇಲೆ ಬಿಳಿ ಚುಕ್ಕೆಗಳಿರುವ ಹೆಣ್ಣು, ಕಾಗೆಯ ಗೂಡಿನಲ್ಲಿ ಮೊಟ್ಟೆಯಿಡಲು ಹೊಂಚುಹಾಕುತ್ತ ಎಲೆಗಳ ಮರೆಯಲ್ಲಿರುತ್ತದೆ.

ಪ್ರಶ್ನೆ: ಏಳು ವರ್ಷದ ಮೊಮ್ಮಗಳು ಹೊಲದ ಬದುವಿನಲ್ಲಿ ಕಂಡ ಹೂವನ್ನೆಲ್ಲ ಕೀಳುತ್ತಾಳೆ. ಬೇಡವೆಂದು ಗದರಿಸುವುದು ಸರಿಯೇ?

ಉತ್ತರ: ಗದರಬೇಡಿ, ಹೂವಿನ ಮುಂದೆ ಅವಳೊಡನೆ ಕುಕ್ಕರುಗಾಲಿನಲ್ಲಿ ಹತ್ತು ನಿಮಿಷ ಕುಳಿತುಕೊಳ್ಳಿ. ಜೇನುಹುಳು ಬಂದಾಗ ಅದರ ಹಿಂಗಾಲುಗಳನ್ನು ತೋರಿಸಿ. ಅಲ್ಲಿ ಎರಡೂ ಕಡೆ ಪರಾಗದ ಪುಟ್ಟ ಉಂಡೆಗಳಿರುತ್ತವೆ, ಹೂವಿನ ಜಾತಿಗೆ ತಕ್ಕಂತೆ ಹಳದಿ, ಕಿತ್ತಳೆ ಅಥವಾ ಬೂದು ಬಣ್ಣದಲ್ಲಿ. ಒಂದು ಸುತ್ತಿನಲ್ಲಿ ಜೇನುಹುಳು ಹೆಚ್ಚಾಗಿ ಒಂದೇ ಜಾತಿಯ ಹೂವುಗಳಿಗೆ ಹೋಗುತ್ತದೆ ಎಂದು ಹೇಳಿ, ಅದು ನಿಜವೇ ಎಂದು ಎಣಿಸಲು ಅವಳಿಗೇ ಬಿಡಿ. ಈ ಆಟ ಸಿಕ್ಕಿದ ಮೇಲೆ ಮಕ್ಕಳು ಹೂವನ್ನು ಗಿಡದಲ್ಲೇ ಬಿಡುವುದನ್ನು ನಾನು ನೋಡಿದ್ದೇನೆ. ಗಿಡದ ತುಂಬ ಇರುವಾಗ ಒಂದೆರಡು ಕಿತ್ತರೂ ಕೆಡುಕೇನಿಲ್ಲ.

ಪ್ರಶ್ನೆ: ನನ್ನ ತಾಯಿಯವರು ಹಾಸಿಗೆ ಬಿಟ್ಟು ಏಳಲಾರರು, ದೃಷ್ಟಿಯೂ ಮಂದವಾಗಿದೆ. ಚಿಕ್ಕಂದಿನಲ್ಲಿ ತೋಟ ಸುತ್ತಿದ ದಿನಗಳನ್ನು ನೆನೆದು ಕೊರಗುತ್ತಾರೆ. ಅವರಿಗೆ ಈ ವಸಂತವನ್ನು ಹೇಗೆ ತಲುಪಿಸಲಿ?

ಉತ್ತರ: ಈ ಪತ್ರವನ್ನು ನಾನು ಎರಡು ಬಾರಿ ಓದಿದೆ. ಮೊದಲು ಅವರ ಹಾಸಿಗೆಯನ್ನು ಕಿಟಕಿಯ ಬಳಿಗೆ ಸರಿಸಿ. ಮುಸ್ಸಂಜೆಯಾದ ಮೇಲೆ ಅರಳುವ ಬಿಳಿ ಹೂವುಗಳಲ್ಲಿ ಬಹಳಷ್ಟು ಕತ್ತಲಲ್ಲಿ ಹಾರುವ ಪತಂಗಗಳನ್ನು ಕರೆಯಲೆಂದೇ ಗಾಢವಾದ ಪರಿಮಳ ಬೀರುತ್ತವೆ, ಆದ್ದರಿಂದ ಕಿಟಕಿಯನ್ನು ರಾತ್ರಿ ಸ್ವಲ್ಪ ಹೊತ್ತಾದರೂ ತೆರೆದಿಡಿ. ಎಳೆಯ ಎಲೆಯನ್ನೂ ಬಲಿತ ಎಲೆಯನ್ನೂ ಅವರ ಎರಡು ಅಂಗೈಗಳಲ್ಲಿ ಇಟ್ಟು ನೋಡಿ. ಒಂದರ ನಯವನ್ನೂ ಇನ್ನೊಂದರ ಬಿರುಸನ್ನೂ ಬೆರಳುಗಳು ಕೂಡಲೇ ಗುರುತಿಸುತ್ತವೆ.

ಋತುವಿನ ಮೊದಲ ಹನಿ ಬಿದ್ದ ದಿನ ಎಲ್ಲ ಕೆಲಸ ಬಿಟ್ಟು ಅವರ ಬಳಿಯಿರಿ. ಒಣನೆಲದಿಂದ ಏಳುವ ಆ ಘಮಕ್ಕೆ ವಿಜ್ಞಾನಿಗಳಾದ ಇಸಬೆಲ್ ಬೇರ್ ಮತ್ತು ರಿಚರ್ಡ್ ಥಾಮಸ್ 1964ರಲ್ಲಿ ಪೆಟ್ರಿಕೋರ್ ಎಂದು ಹೆಸರಿಟ್ಟರು. ಮಣ್ಣಿನ ಸೂಕ್ಷ್ಮಜೀವಿಗಳು ತಯಾರಿಸುವ ಜಿಯೋಸ್ಮಿನ್ ಎಂಬ ವಸ್ತು ಅದರಲ್ಲಿ ಮುಖ್ಯವಾದುದು, ಅದನ್ನು ಮನುಷ್ಯನ ಮೂಗು ಅತ್ಯಲ್ಪ ಪ್ರಮಾಣದಲ್ಲಿದ್ದರೂ ಹಿಡಿಯಬಲ್ಲದು. ಹನಿ ನೆಲಕ್ಕೆ ಬಿದ್ದಾಗ ಅದರೊಳಗೆ ಸಿಕ್ಕಿಕೊಂಡ ಗಾಳಿಯ ಗುಳ್ಳೆಗಳು ಒಡೆದು ಸೂಕ್ಷ್ಮ ತುಂತುರನ್ನು ಚಿಮ್ಮಿಸುವುದನ್ನು 2015ರಲ್ಲಿ ಅತಿವೇಗದ ಕ್ಯಾಮೆರಾಗಳಿಂದ ಸೆರೆಹಿಡಿಯಲಾಯಿತು. ರಭಸದ ಮಳೆಗಿಂತ ಮೆಲ್ಲಗೆ ಬೀಳುವ ಮಳೆಯಲ್ಲಿ ಇದು ಹೆಚ್ಚು. ಹಾಗಾಗಿ ದೊಡ್ಡ ಮಳೆಗಾಗಿ ಕಾಯಬೇಡಿ. ಕಿಟಕಿಯ ಕೆಳಗೆ ಒಂದಿಷ್ಟು ನೆಲವನ್ನು ಸಿಮೆಂಟು ಹಾಕದೆ ಬರಿಮಣ್ಣಾಗಿಯೇ ಬಿಟ್ಟಿರಿ. ಹನಿ ಶುರುವಾದೊಡನೆ ಅವರ ತಲೆದಿಂಬನ್ನು ಎತ್ತರಿಸಿ, ಮಾತಾಡದೆ ಪಕ್ಕದಲ್ಲಿ ಕುಳಿತುಕೊಳ್ಳಿ. ಆ ವಾಸನೆ ಯಾವ ತೋಟದ್ದೆಂದು ಅವರೇ ಹೇಳಲು ತೊಡಗಬಹುದು, ಆಗ ಕೇಳಿಸಿಕೊಳ್ಳಲು ನಿಮಗೆ ಬಿಡುವಿರಲಿ.