ಶನಿವಾರ ಬೆಳಿಗ್ಗೆ ನಮಗೆ ಶಾಲೆ ಇತ್ತು

ಪ್ರಿಯರೇ,

ನಿಮ್ಮ ‘ಕಾರ್ಟೂನ್ ಕಾಲದ ಶನಿವಾರಗಳು’ ಲೇಖನ ತಲುಪಿದೆ. ಪ್ರಕಟಿಸಲು ಆಗದಿದ್ದರೆ ಯಾಕೆ ಅಂತ ಪತ್ರಿಕೆಯಲ್ಲೇ ಬರೆಯಿರಿ, ಹೆಸರು ಮಾತ್ರ ಬೇಡ ಎಂದಿದ್ದೀರಿ. ಹಾಗೇ ಮಾಡುತ್ತಿದ್ದೇನೆ. ಆಮೇಲೆ ಬೇಜಾರು ಮಾಡಿಕೊಳ್ಳಬೇಡಿ.

ಬೇರೆ ಓದುಗರಿಗೆ ಎರಡು ಮಾತು. ಲೇಖಕರು ಸಾಗರದವರು. 1993ರಲ್ಲಿ ನಾಲ್ಕನೇ ಕ್ಲಾಸು. ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಚಿಕ್ಕಂದಿನಲ್ಲಿ ನೋಡಿದ ಕಾರ್ಟೂನ್‌ಗಳನ್ನು ನೆನೆದು ಬರೆದಿದ್ದಾರೆ.

ಮೊದಲು ಒಳ್ಳೆಯ ಮಾತು. ಕಾಗುಣಿತ ಸರಿಯಿದೆ. ಮಹಾಪ್ರಾಣಗಳು ತಮ್ಮ ತಮ್ಮ ಜಾಗದಲ್ಲಿವೆ, ಈಗಿನ ಕಾಲಕ್ಕೆ ಅದು ಸಣ್ಣ ಸಂಗತಿಯಲ್ಲ. ವಾಕ್ಯಗಳು ಓಡುತ್ತವೆ. ಹೇಳಿದ ಅಳತೆ ಮೀರಿಲ್ಲ. ಆಯಿತು, ಈಗ ವಿಷಯಕ್ಕೆ ಬರೋಣ.

ನಿಮ್ಮ ಮೊದಲ ವಾಕ್ಯ: “ಶನಿವಾರದ ಬೆಳಗು ಎಂದರೆ ನಮಗೆಲ್ಲ ಕಾರ್ಟೂನ್‌ಗಳ ಹಬ್ಬ.”

ಯಾವ ಶನಿವಾರ ಸ್ವಾಮೀ? ಸಾಗರದಲ್ಲಿ ನಾಲ್ಕನೇ ಕ್ಲಾಸಿನ ಹುಡುಗನಿಗೆ ಶನಿವಾರ ಬೆಳಿಗ್ಗೆ ಶಾಲೆ ಇರುತ್ತಿತ್ತು, ಅಲ್ವಾ? ಅದೂ ಉಳಿದ ದಿನಗಳಿಗಿಂತ ಬೇಗ. ಬಿಳಿ ಯೂನಿಫಾರ್ಮು, ಬಿಳಿ ಕ್ಯಾನ್ವಾಸ್ ಶೂ, ಮೈದಾನದಲ್ಲಿ ಕವಾಯತು. ಮಧ್ಯಾಹ್ನದ ಊಟದ ಹೊತ್ತಿಗೆ ಬಿಡುತ್ತಿದ್ದರು. ನಿಮ್ಮ ಶಾಲೆಯೊಂದೇ ಹಾಗಿರಲಿಲ್ಲ ಎನ್ನುವುದಾದರೆ ಅದನ್ನು ಬರೆಯಬೇಕಿತ್ತು, ಅದೇ ದೊಡ್ಡ ಸುದ್ದಿ. ಬರೆದಿಲ್ಲ. ನನಗನ್ನಿಸುವುದು ಇಷ್ಟು: ಈ ಶನಿವಾರ ನಿಮ್ಮದಲ್ಲ. ಅಮೆರಿಕದವರು ಬರೆದ ಇಂಥ ನೆನಪಿನ ಲೇಖನಗಳನ್ನು ಜಾಸ್ತಿ ಓದಿದ್ದೀರಿ. ಅವರ ಶನಿವಾರ ನಿಮಗೇ ಗೊತ್ತಾಗದ ಹಾಗೆ ನಿಮ್ಮ ಬಾಲ್ಯದೊಳಗೆ ಬಂದು ಕೂತಿದೆ.

ಎರಡನೇ ವಾಕ್ಯ ಓದಿದಾಗ ಅನುಮಾನವೇ ಉಳಿಯಲಿಲ್ಲ: “ಒಂದು ಬಟ್ಟಲು ಸೀರಿಯಲ್, ಕೈಯಲ್ಲಿ ರಿಮೋಟ್, ಇನ್ನೇನು ಬೇಕಿತ್ತು ಆಗ?”

ಈ ಸೀರಿಯಲ್ ಟಿವಿ ಧಾರಾವಾಹಿಯಲ್ಲ, ಹಾಲಿಗೆ ಹಾಕಿಕೊಂಡು ತಿನ್ನುವ ಕಾರ್ನ್‌ಫ್ಲೇಕ್ಸ್ ಥರದ ತಿಂಡಿ. ಅದನ್ನು ಮಾರುವ ಕೆಲಾಗ್ಸ್ ಭಾರತದ ಅಂಗಡಿಗೆ ಬಂದಿದ್ದೇ 1994ರಲ್ಲಿ. ಅದೂ ದೊಡ್ಡ ಪೇಟೆಗಳಿಗೆ. 1993ರಲ್ಲಿ ಸಾಗರದಲ್ಲಿ ಬೆಳಿಗ್ಗೆ ನೀವು ತಿಂದದ್ದು ತೆಳ್ಳೇವೋ, ಅವಲಕ್ಕಿಯೋ, ರಾತ್ರಿ ಉಳಿದ ಅನ್ನದ ಚಿತ್ರಾನ್ನವೋ, ನನಗೆ ಗೊತ್ತಿಲ್ಲ. ನಿಮಗೆ ಗೊತ್ತಿದೆ. ಗೊತ್ತಿದ್ದೂ ಅದನ್ನು ಬಿಟ್ಟು ಸೀರಿಯಲ್ ಬಟ್ಟಲು ಹಿಡಿದಿದ್ದೀರಿ. ಇನ್ನು ರಿಮೋಟ್. ಇದ್ದದ್ದು ದೂರದರ್ಶನ ಒಂದೇ. ಯಾವ ಚಾನೆಲ್‌ನಿಂದ ಯಾವ ಚಾನೆಲ್‌ಗೆ ಹೋಗುತ್ತಿದ್ದಿರಿ?

ಆ ಬಟ್ಟಲು ಅಮೆರಿಕದವರ ಲೇಖನದಲ್ಲಿ ಇರಲು ಕಾರಣವಿದೆ. ಅಲ್ಲಿ ಶನಿವಾರ ಮಕ್ಕಳಿಗೆ ಶಾಲೆಯಿಲ್ಲ. ಬೆಳಿಗ್ಗೆ ಬೇಗ ದೊಡ್ಡವರು ಟಿವಿ ನೋಡುವುದಿಲ್ಲ. ಹಾಗಾಗಿ ಆ ಹೊತ್ತು ಅಗ್ಗ. 1960ರ ದಶಕದ ನಡುವಿನಿಂದ ಅಲ್ಲಿನ ಮೂರು ದೊಡ್ಡ ಚಾನೆಲ್‌ಗಳು ಆ ಹೊತ್ತನ್ನು ಕಾರ್ಟೂನ್‌ನಿಂದ ತುಂಬಿಸಿದವು. ಸೀರಿಯಲ್ ಕಂಪನಿಗಳು, ಆಟಿಕೆ ಕಂಪನಿಗಳು ಜಾಹೀರಾತು ಕೊಟ್ಟವು. ಮಗು ತಿನ್ನುತ್ತಿದ್ದದ್ದೂ ಪರದೆ ಮೇಲೆ ಮಾರುತ್ತಿದ್ದದ್ದೂ ಒಂದೇ. 1969ರಲ್ಲಿ ಸ್ಕೂಬಿ ಡೂ ಎಂಬ ಕಾರ್ಟೂನ್ ಶುರುವಾಗಿದ್ದು ಇಂಥದೇ ಒಂದು ಶನಿವಾರ ಬೆಳಿಗ್ಗೆ. ಅಲ್ಲಿನ ಮಕ್ಕಳು ದೊಡ್ಡವರಾಗಿ ಬರೆಯುವಾಗ ಬಟ್ಟಲು ತಾನಾಗಿ ಬರುತ್ತದೆ. ಮುಂದೆ ಕೇಬಲ್ ಬಂತು. ಮಕ್ಕಳಿಗೆ ಕಲಿಕೆಯ ಕಾರ್ಯಕ್ರಮವನ್ನೂ ತೋರಿಸಬೇಕೆಂದು 1990ರಲ್ಲಿ ಕಾನೂನು ಬಂತು. ಒಂದೊಂದಾಗಿ ಚಾನೆಲ್‌ಗಳು ಕೈಬಿಟ್ಟವು. ಹಳೆಯ ಬಗೆಯ ಕೊನೆಯ ಶನಿವಾರದ ಸಾಲು 2014ರ ಸೆಪ್ಟೆಂಬರ್‌ನಲ್ಲಿ ನಿಂತಿತು. ಅವರು ಕಳೆದುಕೊಂಡದ್ದು ಅದನ್ನು. ಅವರ ದುಃಖಕ್ಕೆ ಒಂದು ವಿಳಾಸವಿದೆ.

ನಿಮ್ಮದು ಭಾನುವಾರ. 1987ರ ಜನವರಿಯಲ್ಲಿ ರಾಮಾಯಣ ಶುರುವಾಯಿತು, ಮಾರನೇ ವರ್ಷ ಮಹಾಭಾರತ. ಭಾನುವಾರ ಬೆಳಿಗ್ಗೆ ಎಂದರೆ ಟಿವಿ ಎಂಬ ರೂಢಿ ನಮ್ಮಲ್ಲಿ ಬೇರೂರಿದ್ದು ಹಾಗೆ. ನೀವು ಟಿವಿ ನೋಡುವ ಹೊತ್ತಿಗೆ ಆ ಜಾಗದಲ್ಲಿ ‘ಜಂಗಲ್ ಬುಕ್’ನ ಮೋಗ್ಲಿ ಬಂದಿದ್ದ. ನಿಪ್ಪಾನ್ ಆನಿಮೇಷನ್ ಎಂಬ ಜಪಾನಿನ ಸಂಸ್ಥೆ 1989ರಲ್ಲಿ ಮಾಡಿದ ಧಾರಾವಾಹಿ ಅದು. ಕಥೆ ಮಧ್ಯಪ್ರದೇಶದ ಕಾಡಿನದು, ಬರೆದವನು ಇಂಗ್ಲಿಷಿನವನು, ಚಿತ್ರ ಬಿಡಿಸಿದವರು ಜಪಾನಿನವರು, ಹಿಂದಿ ಹಾಡು ಗುಲ್ಜಾರರದು, ಹುಲಿ ಶೇರ್ ಖಾನನ ದನಿ ನಾನಾ ಪಾಟೇಕರ್ ಅವರದು. ಅದನ್ನು ನೋಡಿದ್ದು ಸಾಗರದ ಒಬ್ಬ ಹುಡುಗ. ಇಷ್ಟೆಲ್ಲ ದಾಟಿ ಬಂದದ್ದನ್ನು “ನಾವೆಲ್ಲ ಮೋಗ್ಲಿಯ ಜೊತೆ ಕಾಡು ಸುತ್ತುತ್ತಿದ್ದೆವು” ಎಂದು ಮುಗಿಸಿಬಿಟ್ಟಿದ್ದೀರಿ. ಸಾಗರದಿಂದ ಸ್ವಲ್ಪ ಹೊರಗೆ ಹೋದರೆ ನಿಜವಾದ ಕಾಡೇ ಇತ್ತಲ್ಲ! ಆ ಕಾಡು ಟಿವಿಯ ಕಾಡಿನ ಹಾಗಿತ್ತೋ ಇಲ್ಲವೋ, ಅದನ್ನಾದರೂ ಹೇಳಬಾರದಿತ್ತಾ?

ಈಗ ಆ ‘ನಾವೆಲ್ಲ’ದ ವಿಚಾರ. ನಿಜ ಹೇಳಬೇಕೆಂದರೆ ನನಗೆ ಸಿಟ್ಟು ಬಂದದ್ದು ಅಲ್ಲಿ.

ಲೇಖನದ ಮೊದಲ ಪುಟದಲ್ಲಿ “ನಾವೆಲ್ಲ ಟಿವಿ ಮುಂದೆ ಕೂತುಬಿಡುತ್ತಿದ್ದೆವು” ಎಂದಿದೆ. ಮೂರನೇ ಪುಟದಲ್ಲಿ, ಬೇರೇನೋ ಹೇಳುವಾಗ, “ನಮ್ಮ ಮನೆಗೆ ಟಿವಿ ಬಂದಿದ್ದು ನಾನು ಹೈಸ್ಕೂಲಿಗೆ ಸೇರಿದ ಮೇಲೆ” ಎಂದಿದೆ. ಹಾಗಾದರೆ ನಾಲ್ಕನೇ ಕ್ಲಾಸಿನಲ್ಲಿ ಕೂತಿದ್ದು ಯಾರ ಮನೆಯ ಟಿವಿ ಮುಂದೆ? ಅವರು ಒಳಗೆ ಕರೆಯುತ್ತಿದ್ದರೋ, ಕಿಟಕಿಯಲ್ಲಿ ನಿಂತು ನೋಡುತ್ತಿದ್ದಿರೋ? ಕುರ್ಚಿಯೋ ಚಾಪೆಯೋ? ಆ ಮನೆಯ ಮಗನ ಜೊತೆ ಶುಕ್ರವಾರ ಜಗಳವಾಡಿದ್ದರೆ ಭಾನುವಾರದ ಗತಿ ಏನು? ಇದು ಯಾವುದೂ ಲೇಖನದಲ್ಲಿಲ್ಲ. ‘ನಾವೆಲ್ಲ’ ಎಂದು ಬರೆದ ಕೂಡಲೇ ಇವೆಲ್ಲ ಮಾಯವಾಗುತ್ತವೆ. ಎಲ್ಲರ ಮನೆಯಲ್ಲೂ ಟಿವಿ ಇತ್ತು, ಎಲ್ಲರೂ ಒಂದೇ ಥರ ಕೂತಿದ್ದರು, ಎಲ್ಲರೂ ಖುಷಿಯಾಗಿದ್ದರು. ‘ನೈಂಟೀಸ್ ಕಿಡ್ಸ್’ ಎಂದು ಇನ್ನೊಂದು ಕಡೆ ಬರೆದಿದ್ದೀರಿ, ಅದೂ ಇದರ ತಮ್ಮನೇ.

ನಾನು ಈ ಕೆಲಸಕ್ಕೆ ಸೇರಿದ್ದು ಒಂದು ವಾರಪತ್ರಿಕೆಯಲ್ಲಿ. ಕೊಟ್ಟ ಕೆಲಸ ಆ ವಾರದ ಟಿವಿ ಕಾರ್ಯಕ್ರಮಗಳ ಪಟ್ಟಿ ಬರೆಯುವುದು. ಎಷ್ಟು ಗಂಟೆಗೆ ಕೃಷಿ, ಎಷ್ಟು ಗಂಟೆಗೆ ವಾರ್ತೆ, ಭಾನುವಾರ ಏನು. ಸಾಹಿತ್ಯ ಅಂತ ಊರು ಬಿಟ್ಟು ಬಂದವನಿಗೆ ಅದು ಅವಮಾನದ ಹಾಗಿತ್ತು. ಪಕ್ಕದ ಮೇಜಿನಲ್ಲಿ ಒಬ್ಬ ಹಿರಿಯ ಉಪಸಂಪಾದಕರು. ಸದಾ ಬಾಯಲ್ಲಿ ಎಲೆಅಡಿಕೆ, ಮಾತು ಕಡಿಮೆ. ಓದುಗರು ಕಳಿಸಿದ ಲೇಖನಗಳನ್ನು ನೋಡುವುದು ಅವರ ಪಾಲು. ‘ನಾವೆಲ್ಲ’, ‘ಊರಿಗೆ ಊರೇ’, ‘ಪ್ರತಿಯೊಬ್ಬರೂ’ ಇವು ಬಂದಲ್ಲಿ ಪೆನ್ಸಿಲ್‌ನಲ್ಲಿ ಗೆರೆ ಎಳೆದು, ಪಕ್ಕದಲ್ಲಿ ‘ಯಾರು ಯಾರು?’ ಎಂದು ಬರೆದು ವಾಪಸ್ ಅಂಚೆಗೆ ಹಾಕುತ್ತಿದ್ದರು. ಬೇರೆ ಟಿಪ್ಪಣಿ ಇಲ್ಲ, ಸಮಾಧಾನದ ಮಾತೂ ಇಲ್ಲ. ಇದೇನು ಒರಟುತನ ಅಂತ ನನಗೆ ಅನ್ನಿಸುತ್ತಿತ್ತು.

ಒಂದು ಸಲ ದಾವಣಗೆರೆ ಕಡೆಯ ಹಳ್ಳಿಯೊಂದರ ಮೇಷ್ಟ್ರು ರಾಮಾಯಣ ಧಾರಾವಾಹಿಯ ಬಗ್ಗೆ ಬರೆದಿದ್ದರು. ಊರಿಗೆ ಊರೇ ಒಂದು ಟಿವಿ ಮುಂದೆ ಸೇರುತ್ತಿತ್ತು, ಜಾತಿ ಭೇದ ಮರೆತು ಎಲ್ಲರೂ ಕೈಮುಗಿಯುತ್ತಿದ್ದರು ಎಂಬ ಧಾಟಿ. ಪೆನ್ಸಿಲ್ ಗೆರೆ ಹೋಯಿತು. ಆ ಲೇಖನ ಮತ್ತೆ ಬಂದಾಗ ಬೇರೆಯೇ ಆಗಿತ್ತು. ಟಿವಿ ಗೌಡರ ಪಡಸಾಲೆಯಲ್ಲಿತ್ತು. ಗೌಡರ ನೆಂಟರಿಗೆ ಮಂಚ. ಉಳಿದವರಿಗೆ ನೆಲ. ಹೆಂಗಸರು ಒಳಮನೆಯ ಬಾಗಿಲ ಹಿಂದೆ, ಅವರಿಗೆ ಪರದೆಯ ಅರ್ಧ ಮಾತ್ರ ಕಾಣುತ್ತಿತ್ತು. ಕೇರಿಯವರು ಅಂಗಳದಲ್ಲಿ ನಿಂತಿದ್ದರು, ಮಳೆ ಬಂದರೂ ಅಲ್ಲೇ. ಕೈಮುಗಿಯುವುದು ಎಲ್ಲರೂ ಮುಗಿದಿದ್ದರು, ಅದು ಸುಳ್ಳಲ್ಲ. ನಾನು ಕೂತು ಪಟ್ಟಿ ಬರೆಯುತ್ತಿದ್ದ ‘ಭಾನುವಾರ ಬೆಳಿಗ್ಗೆ 9.30, ರಾಮಾಯಣ’ ಎಂಬ ಸಾಲಿನ ಹಿಂದೆ ಇಷ್ಟು ಜನ ಇದ್ದಾರೆ ಅಂತ ಆಗ ತಿಳಿಯಿತು. ಆ ಹಿರಿಯರು ಓದಿ, ಏನೂ ಹೇಳದೆ, ಅಚ್ಚಿಗೆ ಕಳಿಸಿದರು. ಒಂದಕ್ಷರ ತಿದ್ದಲಿಲ್ಲ.

ನಿಮ್ಮ ಲೇಖನಕ್ಕೂ ನಾನು ಅದೇ ಗೆರೆ ಎಳೆಯುತ್ತಿದ್ದೇನೆ. ಇದು ಬರೀ ಸಾಮಾಜಿಕ ಪ್ರಶ್ನೆ ಅಂತ ತಿಳಿಯಬೇಡಿ. ಯಾರದೋ ಮನೆಯಲ್ಲಿ ಕೂತು ನೋಡಿದ ಕಾರ್ಟೂನ್ ನೆನಪಿರುವ ರೀತಿಯೇ ಬೇರೆ.

ಹಂಗೇರಿಯವರ ಒಂದು ನೆನಪು ಕೇಳಿ. 1993ರ ಡಿಸೆಂಬರ್ 12, ಭಾನುವಾರ. ಅಲ್ಲಿನ ಟಿವಿಯಲ್ಲಿ ಡಕ್ ಟೇಲ್ಸ್ ಬರುತ್ತಿತ್ತು. ನೀವು ನಿಮ್ಮ ಪಟ್ಟಿಯಲ್ಲಿ ಹೆಸರಿಸಿರುವ ಅದೇ ಬಾತುಕೋಳಿಗಳು. ನಡುವೆ ಚಿತ್ರ ಕಡಿದುಹೋಯಿತು, ಶೋಕದ ಸಂಗೀತ ಬಂತು. ಪ್ರಧಾನಿ ಯೋಜೆಫ್ ಅಂತಾಲ್ ತೀರಿಕೊಂಡಿದ್ದರು. ಮಕ್ಕಳಿಗೆ ಪ್ರಧಾನಿ ಯಾರೆಂದು ಎಲ್ಲಿ ಗೊತ್ತು, ಕಾರ್ಟೂನ್ ನಿಂತಿತು ಅಷ್ಟೇ ಗೊತ್ತಾಯಿತು. ಆ ಮಕ್ಕಳ ತಲೆಮಾರಿಗೆ ಅಲ್ಲಿ ಡಕ್ ಟೇಲ್ಸ್ ತಲೆಮಾರು ಎಂದೇ ಹೆಸರು. ಕಾರ್ಟೂನ್ ಎರಡೂ ಕಡೆ ಒಂದೇ. ಆದರೆ ಈ ನೆನಪನ್ನು ಹಂಗೇರಿಯವರು ಬಿಟ್ಟು ಬೇರೆ ಯಾರೂ ಬರೆಯಲಾರರು. ನಿಮ್ಮ ಲೇಖನವನ್ನು ಹೆಸರು ತೆಗೆದು ಯಾವ ಊರಿನವರು ಬೇಕಾದರೂ ತಮ್ಮದೆಂದು ಕಳಿಸಬಹುದು.

ಆಂಟೆನಾ ತಿರುಗಿಸುವ ದೃಶ್ಯವನ್ನು ಬಿಟ್ಟುಬಿಡುತ್ತೇನೆ. ನನ್ನ ಮೇಜಿಗೆ ಬರುವ ನೆನಪಿನ ಲೇಖನಗಳಲ್ಲಿ ಅದಿಲ್ಲದ್ದು ಅಪರೂಪ. “ಅಂದಿನ ಕಾರ್ಟೂನ್‌ಗಳಲ್ಲಿ ಮುಗ್ಧತೆ ಇತ್ತು” ಎಂಬುದನ್ನೂ ಬಿಡುತ್ತೇನೆ, ಆದರೆ ಟಾಮ್ ತಲೆಯ ಮೇಲೆ ಇಸ್ತ್ರಿಪೆಟ್ಟಿಗೆ ಬೀಳುವುದು ಯಾವ ಮುಗ್ಧತೆಯೋ ನನಗೆ ತಿಳಿಯದು. ಹಳೆಯದನ್ನು ಹೊಗಳಬೇಕೆಂದರೆ ಕಣ್ಣಿಟ್ಟು ನೋಡಿ ಹೊಗಳಿ. ಯೋಗಿ ಕರಡಿಯ ಬಗ್ಗೆ ಬರೆದಿದ್ದೀರಿ. ಮೈಮೇಲೆ ಅಂಗಿಯಿಲ್ಲದ ಕರಡಿಗೆ ಕಾಲರ್ ಮತ್ತು ಟೈ ಯಾಕೆ ಅಂತ ಒಮ್ಮೆಯಾದರೂ ಯೋಚಿಸಿದ್ದೀರಾ? ದುಡ್ಡು ಉಳಿಸಲು. ಯೋಗಿಯನ್ನು ಸೃಷ್ಟಿಸಿದ ಹಾನಾ ಮತ್ತು ಬಾರ್ಬೆರಾ ಟಿವಿಗೆ ಅಗ್ಗದಲ್ಲಿ ಕಾರ್ಟೂನ್ ಮಾಡಬೇಕಿತ್ತು. ಕಾಲರ್ ಇದ್ದರೆ ಕತ್ತಿನ ಗೆರೆ ಮುಚ್ಚುತ್ತದೆ, ಮೈಯನ್ನು ಹಾಗೇ ಇಟ್ಟು ತಲೆ ಮಾತ್ರ ಹೊಸದಾಗಿ ಬಿಡಿಸಿದರೆ ಸಾಕು. ಇದೇ ಇಬ್ಬರು 1940ರಲ್ಲಿ ಸಿನಿಮಾ ಥಿಯೇಟರುಗಳಿಗೆಂದು ಟಾಮ್ ಅಂಡ್ ಜೆರಿ ಶುರುಮಾಡಿದಾಗ ಆ ಬಡತನ ಇರಲಿಲ್ಲ, ಬೆಕ್ಕಿನ ಬಾಲದ ತುದಿಯೂ ನಟಿಸುತ್ತಿತ್ತು. ಎರಡನ್ನೂ “ಎಂಥ ಅದ್ಭುತ ಕಲೆ” ಎಂದು ಒಂದೇ ವಾಕ್ಯದಲ್ಲಿ ಮುಗಿಸಿದ್ದೀರಿ.

ಇಷ್ಟಾದರೂ ನಿಮ್ಮ ಲೇಖನವನ್ನು ಸುಮ್ನೆ ‘ವಿಷಾದಿಸುತ್ತೇವೆ’ ಎಂದು ಹಿಂದಕ್ಕೆ ಕಳಿಸಲಿಲ್ಲ. ಕಾರಣ ನಾಲ್ಕನೇ ಪುಟದ ಒಂದು ವಾಕ್ಯ: “ಕರೆಂಟ್ ಹೋದರೆ ಅಕ್ಕ ಉಳಿದ ಕಥೆ ಹೇಳುತ್ತಿದ್ದಳು, ಅವಳಿಗೂ ಹಿಂದಿ ಬರುತ್ತಿರಲಿಲ್ಲ ಅನ್ನಿ.”

ಇದನ್ನು ಬರೆದು ನೀವು ಮುಂದಿನ ಪ್ಯಾರಾದಲ್ಲಿ ಶಕ್ತಿಮಾನ್ ಕಡೆಗೆ ಹೋಗಿಬಿಟ್ಟಿರಿ! ನಾನು ಅಲ್ಲೇ ನಿಂತೆ.

ಯೋಚಿಸಿ ನೋಡಿ. ಕನ್ನಡದ ಮಕ್ಕಳಿಗೆ ಆ ಕಾಲದಲ್ಲಿ ಕನ್ನಡ ಮಾತಾಡುವ ಮೋಗ್ಲಿ ಇರಲೇ ಇಲ್ಲ. ದಿಲ್ಲಿಯಿಂದ ಬಂದದ್ದು ಹಿಂದಿ. ಡಬ್ಬಿಂಗ್ ಬೇಡ ಎಂಬ ಗಟ್ಟಿ ಹಟ ನಮ್ಮಲ್ಲಿತ್ತು. 1995ರಲ್ಲಿ ಬಂದ ಕಾರ್ಟೂನ್ ನೆಟ್‌ವರ್ಕ್ ಇಂಗ್ಲಿಷ್ ಆಡಿತು. ಮಕ್ಕಳಿಗೆಂದೇ ಕನ್ನಡದ ಚಾನೆಲ್ ಚಿಂಟು ಟಿವಿ ಬಂದಾಗ 2009, ನೀವು ಆಗಲೇ ಕೆಲಸಕ್ಕೆ ಸೇರಿದ್ದಿರಿ. ಕರಿಚಿರತೆ ಬಘೀರ ಏನು ಹೇಳಿದ, ಕರಡಿ ಬಾಲೂ ಯಾಕೆ ಬೈದ, ನಿಮಗೆ ಅರ್ಥವಾಗುತ್ತಿರಲಿಲ್ಲ. ಆ ಹಾಡಿನಲ್ಲಿ ಪೂರ್ತಿ ತಿಳಿಯುತ್ತಿದ್ದದ್ದು ‘ಚಡ್ಡಿ’ ಒಂದೇ ಇರಬೇಕು. ಆಗ ಪಕ್ಕದಲ್ಲಿ ಕೂತ ಅಕ್ಕ ಕಥೆ ಹೇಳುತ್ತಿದ್ದಳು. ಆ ಕಥೆ ಎಲ್ಲಿಂದ ಬಂತು? ಮುಖ ನೋಡಿ ಊಹಿಸುತ್ತಿದ್ದಳಾ? ಅಜ್ಜಿ ಹೇಳಿದ ಬೇರೆ ಕಥೆಯನ್ನು ಇದಕ್ಕೆ ಸೇರಿಸುತ್ತಿದ್ದಳಾ? ಅವಳ ಕಥೆಯಲ್ಲಿ ಶೇರ್ ಖಾನ್ ಒಳ್ಳೆಯವನಾಗಿದ್ದನಾ? ಮುಂದಿನ ಭಾನುವಾರ ಟಿವಿಯ ಕಥೆ ಬೇರೆ ದಾರಿ ಹಿಡಿದಾಗ ನೀವು ಯಾರನ್ನು ನಂಬಿದಿರಿ? ಟಿವಿ ಇದ್ದ ಮನೆಯವರೂ ಅವಳ ಕಥೆಗೆ ಕಿವಿ ಕೊಡುತ್ತಿದ್ದರಾ? ಕೊಡುತ್ತಿದ್ದರೆ, ಟಿವಿ ಇಲ್ಲದ ಮನೆಯ ಹುಡುಗಿ ಆ ಪಡಸಾಲೆಯಲ್ಲಿ ಕರೆಂಟ್ ಹೋದ ಅಷ್ಟು ಹೊತ್ತು ದೊಡ್ಡವಳಾಗಿದ್ದಳು.

ಹೀಗೆಲ್ಲ ನಾನು ಊಹೆ ಮಾಡುವಂತಾಗಿದೆ. ಉತ್ತರ ಇರುವುದು ನಿಮ್ಮ ಹತ್ತಿರ, ಇಲ್ಲವೇ ಅವರ ಹತ್ತಿರ.

ಈಗ ಕೆಲಸ. ಅಕ್ಕನವರಿಗೆ ಫೋನ್ ಮಾಡಿ. ಲೇಖನ ಬರೆಯುತ್ತಿದ್ದೇನೆ ಎಂದು ಮೊದಲೇ ಹೇಳಬೇಡಿ, ಹೇಳಿದರೆ ಚಂದ ಮಾಡಿ ಹೇಳುತ್ತಾರೆ. ಅವರ ನೆನಪು ನಿಮ್ಮದಕ್ಕೆ ತಾಳೆಯಾಗದಿದ್ದರೆ ಎರಡನ್ನೂ ಬರೆಯಿರಿ, ಯಾವುದು ಸರಿ ಅಂತ ತೀರ್ಪು ಕೊಡಬೇಡಿ. ಡಕ್ ಟೇಲ್ಸ್, ಶಕ್ತಿಮಾನ್, ಸ್ಕೂಬಿ ಡೂ ಎಲ್ಲ ತೆಗೆದುಹಾಕಿ, ಮೋಗ್ಲಿ ಒಬ್ಬ ಸಾಕು. ಟಿವಿ ಇದ್ದ ಮನೆಯವರ ಹೆಸರು ಬದಲಾಯಿಸಿ, ಅವರ ಮೊಮ್ಮಕ್ಕಳು ನಮ್ಮ ಚಂದಾದಾರರಾಗಿರಬಹುದು. ಸಾವಿರ ಪದ ಮೀರದಿರಲಿ. ಕಾರ್ಟೂನ್ ಚಿತ್ರಗಳನ್ನು ಅಂಟಿಸಿ ಕಳಿಸಬೇಡಿ, ಅವುಗಳ ಹಕ್ಕು ನಮಗಿಲ್ಲ. ಯೂನಿಕೋಡ್‌ನಲ್ಲಿ ಟೈಪ್ ಮಾಡಿ ಇಮೇಲ್‌ಗೆ ಹಾಕಿ. ದೀಪಾವಳಿ ಸಂಚಿಕೆಯ ಕೆಲಸ ಶುರುವಾಗುವ ಮೊದಲು ಬಂದರೆ ನಾನೇ ಓದುತ್ತೇನೆ.

ಇಂತು,
ಸಂಪಾದಕ